ಶಾಸ್ತ್ರದಾನದ ಸಾರ್ಥಕತೆ: ಸರಸ್ವತೀ ಭಂಡಾರದಿಂದ ವಿದ್ಯಾರ್ಥಿಯ ಗ್ರಂಥಾಲಯದವರೆಗೆ

ಆಹಾರ, ಔಷಧ, ಅಭಯ ಮತ್ತು ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಶ್ರಾವಕಧರ್ಮವು ಹೇಳುತ್ತದೆ. ಇವುಗಳಲ್ಲಿ ಮೊದಲಿನ ಮೂರರ ಫಲ ಕೂಡಲೇ ಕಣ್ಣಿಗೆ ಕಾಣುವಂಥದು. ಹಸಿದವನು ಉಂಡಾಗ ಅನ್ನದಾನ ಪೂರ್ಣವಾಗುತ್ತದೆ; ರೋಗಿಗೆ ಮದ್ದು ಸಿಕ್ಕಾಗ ಔಷಧದಾನ ಪೂರ್ಣವಾಗುತ್ತದೆ; ಭಯಗೊಂಡ ಜೀವಿಗೆ ಆಸರೆ ದೊರೆತಾಗ ಅಭಯದಾನ ಪೂರ್ಣವಾಗುತ್ತದೆ. ಆದರೆ ಶಾಸ್ತ್ರದಾನ ಪೂರ್ಣವಾಗುವುದು ಯಾವಾಗ? ಗ್ರಂಥವನ್ನು ಬರೆಯಿಸಿ ಬಸದಿಗೋ ಮಠಕ್ಕೋ ಒಪ್ಪಿಸಿದ ದಿನವೇ, ಅಥವಾ ಅದನ್ನು ಓದಬೇಕಾದವನು ಕೈಗೆತ್ತಿಕೊಂಡು ಓದಿದ ದಿನವೇ? ದಾನಿಗೆ ಮೊದಲನೆಯ ದಿನ ಸಾಕೆನಿಸಬಹುದು. ವಿದ್ಯಾರ್ಥಿಗೆ ಎರಡನೆಯ ದಿನವೇ ಬೇಕು. ಈ ಎರಡು ದಿನಗಳ ನಡುವಣ ಅಂತರ ಕೆಲವೊಮ್ಮೆ ಒಂದು ಗಳಿಗೆ. ಕೆಲವೊಮ್ಮೆ ಹಲವು ಶತಮಾನ. ಗ್ರಂಥಾಲಯಗಳ ಇತಿಹಾಸವೆಂದರೆ ಬಹುಮಟ್ಟಿಗೆ ಈ ಅಂತರವನ್ನು ಕಿರಿದುಗೊಳಿಸಿದವರ ಇತಿಹಾಸವೇ ಆಗಿದೆ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಇಂದು ಸಂಚರಿಸುವವರಿಗೆ ಈ ಪ್ರಶ್ನೆ ಕೇವಲ ಪುರಾಣಕಾಲದ್ದೆಂದು ತೋರಲಾರದು. ಹೊಸ ಬಸ್ ನಿಲ್ದಾಣ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಕೈಗಾರಿಕಾ ವಸಾಹತು, ವಿಮಾನ ನಿಲ್ದಾಣ, ಅದರೆದುರು ೨೦೦೮ರಲ್ಲಿ ಆರಂಭವಾದ ಕೆ.ಎಲ್.ಇ. ತಾಂತ್ರಿಕ ವಿದ್ಯಾಲಯ, ಇವೆಲ್ಲ ಒಂದೇ ರಸ್ತೆಯ ಆಸುಪಾಸಿನಲ್ಲಿವೆ. ಬೆಳಗಿನ ಬಸ್ಸುಗಳಲ್ಲಿ ಹಳ್ಳಿಗಳಿಂದ ಬಂದಿಳಿಯುವ ವಿದ್ಯಾರ್ಥಿಗಳು, ಬಾಡಿಗೆ ಕೋಣೆಗಳಲ್ಲಿ ಮೂವರು ನಾಲ್ವರು ಕೂಡಿ ಇರುವವರು, ಹಗಲು ದುಡಿದು ಸಂಜೆ ಓದುವವರು ಈ ರಸ್ತೆಯ ನಿತ್ಯದ ಪಯಣಿಗರು. ಇವರಿಗೆ ಬೇಕಾದುದು ಪುಸ್ತಕವಷ್ಟೇ ಅಲ್ಲ. ಕುಳಿತು ಓದಲು ಒಂದು ಕುರ್ಚಿ, ಮೇಲೊಂದು ದೀಪ, ಗದ್ದಲವಿಲ್ಲದ ಎರಡು ತಾಸು. ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಯಾರಿಗಾಗಿ, ಹೇಗೆ ಕಟ್ಟಬೇಕು ಎಂಬ ವಿಚಾರವು ಇಂಥವರನ್ನು ಮುಂದಿಟ್ಟುಕೊಂಡೇ ನಡೆಯಬೇಕಾಗಿದೆ.

ನಾಗಾವಿಯ ಸರಸ್ವತೀ ಭಂಡಾರಿಗರು

ಕನ್ನಡ ನಾಡಿಗೆ ಈ ವಿಚಾರ ಹೊಸದಲ್ಲ. ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಒಂದು ಪ್ರಸಿದ್ಧ ಘಟಿಕಾಸ್ಥಾನವಿದ್ದಿತು. ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, ಕ್ರಿ.ಶ. ೧೦೫೮ರಲ್ಲಿ ಹುಟ್ಟಿದ ಅಲ್ಲಿಯ ಶಾಸನವು ಇನ್ನೂರಕ್ಕೂ ಮಿಕ್ಕ ವಿದ್ಯಾರ್ಥಿಗಳಿಗೂ ಅವರ ಉಪಾಧ್ಯಾಯರಿಗೂ ಮಾಡಿದ ಏರ್ಪಾಡನ್ನು ವಿವರಿಸುತ್ತದೆ. ಅದರಲ್ಲಿ ಗಮನ ಸೆಳೆಯುವ ಸಂಗತಿಯೆಂದರೆ, ಉಪಾಧ್ಯಾಯರ ಜೊತೆಯಲ್ಲಿಯೇ ಆರು ಮಂದಿ ಸರಸ್ವತೀ ಭಂಡಾರಿಗರನ್ನು, ಅಂದರೆ ಗ್ರಂಥಪಾಲಕರನ್ನು, ಹೆಸರಿಸಿ ಅವರ ಜೀವನಕ್ಕೂ ಭೂಮಿಯ ಉತ್ಪನ್ನವನ್ನು ಗೊತ್ತುಪಡಿಸಿರುವುದು.

ಈ ಏರ್ಪಾಡಿನ ಅರ್ಥ ದೊಡ್ಡದು. ಇನ್ನೂರು ಚಿಲ್ಲರೆ ವಿದ್ಯಾರ್ಥಿಗಳಿಗೆ ಆರು ಜನ ಭಂಡಾರಿಗರೆಂದರೆ, ಅವರ ಕೆಲಸ ಬೀಗ ಕಾಯುವುದಷ್ಟೇ ಆಗಿರಲಾರದು. ಓಲೆಗಳನ್ನು ತೆಗೆದುಕೊಡುವುದು, ಮರಳಿ ಪಡೆಯುವುದು, ಹುಳು ಹತ್ತದಂತೆ ನೋಡಿಕೊಳ್ಳುವುದು ಮುಂತಾಗಿ ಕೆಲಸ ಬಹಳವಿದ್ದಿರಬೇಕು. ಅದಕ್ಕಿಂತ ಮುಖ್ಯವಾದುದು, ಗ್ರಂಥವನ್ನು ದಾನ ಮಾಡಿದರೆ ಸಾಲದು, ಅದನ್ನು ಓದುಗನಿಗೆ ಮುಟ್ಟಿಸುವ ಮನುಷ್ಯನ ಅನ್ನಕ್ಕೂ ದಾರಿ ಮಾಡಬೇಕು ಎಂಬ ತಿಳಿವಳಿಕೆ. ಇಂದು ಕಟ್ಟಡಕ್ಕೆ ದಾನಿಗಳು ದೊರೆಯುತ್ತಾರೆ, ಪುಸ್ತಕಕ್ಕೆ ಅನುದಾನ ದೊರೆಯುತ್ತದೆ. ಗ್ರಂಥಪಾಲಕನ ಹುದ್ದೆ ಮಾತ್ರ ಬಹುಕಾಲ ಖಾಲಿ ಉಳಿಯುವುದುಂಟು. ನಾಗಾವಿಯ ಶಾಸನವು ಈ ತಪ್ಪನ್ನು ಸುಮಾರು ಸಾವಿರ ವರ್ಷಗಳ ಹಿಂದೆಯೇ ಅರಿತು ತಪ್ಪಿಸಿತ್ತು.

ಅದೇ ಶತಮಾನದ ಆದಿಯಲ್ಲಿ ಗದಗಿನ ಬಳಿಯ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಜೈನ ಕುಟುಂಬಗಳಲ್ಲಿ ಮನೆಮಾತಾಗಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪರಂಪರೆ ಆಕೆಯನ್ನು ಕೊಂಡಾಡುತ್ತದೆ. ಆಕೆ ಮನಸ್ಸು ಮಾಡಿದ್ದರೆ ರತ್ನಖಚಿತವಾದ ಒಂದೇ ಪ್ರತಿಯನ್ನು ಮಾಡಿಸಿ ಒಂದೇ ಜಿನಾಲಯದಲ್ಲಿ ಇಡಬಹುದಾಗಿತ್ತು. ಅದು ನೋಡಲು ಹೆಚ್ಚು ವೈಭವದ್ದಾಗಿಯೂ ಇರುತ್ತಿತ್ತು. ಆದರೆ ಆಕೆ ಆಯ್ದುಕೊಂಡದ್ದು ಸಂಖ್ಯೆಯನ್ನು. ಪ್ರತಿಗಳ ಸಂಖ್ಯೆ ಹೆಚ್ಚಿದಷ್ಟೂ ಓದುಗರ ಸಂಖ್ಯೆ ಹೆಚ್ಚುತ್ತದೆ, ಒಂದು ಪ್ರತಿ ನಾಶವಾದರೂ ಕೃತಿ ಉಳಿಯುತ್ತದೆ ಎಂಬ ಸರಳ ಸತ್ಯ ಅದರಲ್ಲಿದೆ. ಇಂದಿನ ಕಾಲೇಜು ಗ್ರಂಥಾಲಯದಲ್ಲಿ ಒಂದೇ ಪಠ್ಯಪುಸ್ತಕದ ಇಪ್ಪತ್ತು ಪ್ರತಿಗಳನ್ನು ತರಿಸಬೇಕೆ, ಇಪ್ಪತ್ತು ಬೇರೆ ಬೇರೆ ಪುಸ್ತಕಗಳನ್ನು ತರಿಸಬೇಕೆ ಎಂಬ ಚರ್ಚೆ ನಡೆಯುವಾಗ, ಪುಸ್ತಕ ಕೊಳ್ಳಲಾಗದ ವಿದ್ಯಾರ್ಥಿಯ ಪಕ್ಷವನ್ನು ಅತ್ತಿಮಬ್ಬೆ ಎಂದೋ ವಹಿಸಿಯಾಗಿದೆ.

ಮೂಡುಬಿದಿರೆಯ ಪಾಠ

ಆದರೆ ಇತಿಹಾಸಕ್ಕೆ ಇನ್ನೊಂದು ಮುಖವೂ ಉಂಟು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ಹಳಗನ್ನಡ ಲಿಪಿಯ ತಾಳೆಗರಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದವು. ಬೇರೆಲ್ಲೂ ಉಳಿಯದ ಆ ಗ್ರಂಥರಾಶಿಯನ್ನು ಕಾಪಾಡಿದ ಭಟ್ಟಾರಕರಿಗೂ ಅಲ್ಲಿಯ ಶ್ರಾವಕರಿಗೂ ಸಮಾಜವು ಎಂದೆಂದಿಗೂ ಋಣಿಯಾಗಿದೆ. ಯುದ್ಧ, ಮಳೆ, ಗೆದ್ದಲು, ಬೆಂಕಿಗಳ ನಡುವೆ ಓಲೆಗಳನ್ನು ಉಳಿಸುವುದು ಸಣ್ಣ ಕೆಲಸವಲ್ಲ. ಆದರೆ ಕಾಲ ಕಳೆದಂತೆ ಅವು ದರ್ಶನದ ವಸ್ತುಗಳಾದವು. ಯಾತ್ರಿಕರು ಬಂದು ಕೈಮುಗಿದು ಹೋಗುತ್ತಿದ್ದರು. ಓದುವ ವಿದ್ವಾಂಸರಿಗೆ ಅವು ದೂರವೇ ಉಳಿದಿದ್ದವು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. ಅದು ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. ಆ ಪ್ರತಿಗಳು ಹೊರಬಂದು, ಅಮರಾವತಿಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದುದು ೧೯೩೯ರಲ್ಲಿ. ಶಿತಾಬರಾಯ ಲಕ್ಷ್ಮೀಚಂದ್ರ ಜೈನ ಸಾಹಿತ್ಯೋದ್ಧಾರಕ ನಿಧಿಯ ಧನವು ಈ ಕಾರ್ಯಕ್ಕೆ ಆಧಾರವಾಯಿತು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಆ.ನೇ. ಉಪಾಧ್ಯೆಯವರ ವಿದ್ವತ್ತಿನ ನೆರವೂ ಅದಕ್ಕೆ ದೊರೆಯಿತು. ಮುಂದೆ ಮೂಡುಬಿದಿರೆಯವರೇ ಮೂಲ ಓಲೆಗಳೊಡನೆ ಪಾಠವನ್ನು ತಾಳೆ ನೋಡಲು ಸಹಕರಿಸಿದರು. ಒಟ್ಟು ೧೬ ಸಂಪುಟಗಳಾಗಿ ಧವಲಾ ಲೋಕಕ್ಕೆ ಸಿಕ್ಕಿತು.

ಇಲ್ಲಿ ಯಾರನ್ನೂ ದೂಷಿಸುವ ಅಗತ್ಯವಿಲ್ಲ. ಕಾದವರು ಇಲ್ಲದಿದ್ದರೆ ಕೊಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಕೊಡುವವರು ಇಲ್ಲದಿದ್ದರೆ ಕಾದುದಕ್ಕೆ ಅರ್ಥವಿರುತ್ತಿರಲಿಲ್ಲ. ಕಾಯುವ ಧರ್ಮವೂ ಕೊಡುವ ಧರ್ಮವೂ ಒಂದಕ್ಕೊಂದು ಪೂರಕ. ಆದರೆ ಇವೆರಡೂ ತಿಕ್ಕಾಟಕ್ಕೆ ಬಂದಾಗ ಯಾವುದು ಮುಂದಾಗಬೇಕೆಂಬ ಪ್ರಶ್ನೆಯನ್ನು ಪ್ರತಿಯೊಂದು ಗ್ರಂಥಾಲಯವೂ ಎದುರಿಸಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ವಿಶ್ವವಿದ್ಯಾಲಯಗಳೂ ಅದನ್ನೇ ಎದುರಿಸಿದವು.

ಧಾರವಾಡದ ಛೋಟಾ ಮಹಾಬಳೇಶ್ವರ

ಮುಂಬಯಿ ಕರ್ನಾಟಕದ ವಿದ್ಯಾರ್ಥಿಗಳು ದೀರ್ಘಕಾಲ ಮುಂಬಯಿ ವಿಶ್ವವಿದ್ಯಾಲಯವನ್ನೇ ಅವಲಂಬಿಸಿದ್ದರು. ಧಾರವಾಡದಲ್ಲಿ ೧೮೯೦ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ, ೧೯೧೭ರಲ್ಲಿ ಕರ್ನಾಟಕ ಕಾಲೇಜೂ, ೧೯೩೯ರಲ್ಲಿ ಕನ್ನಡ ಸಂಶೋಧನ ಸಂಸ್ಥೆಯೂ ಸ್ಥಾಪನೆಗೊಂಡಿದ್ದರೂ, ಒಂದು ಸ್ವತಂತ್ರ ವಿಶ್ವವಿದ್ಯಾಲಯದ ಕೊರತೆ ಉಳಿದೇ ಇತ್ತು. ಕರ್ನಾಟಕ ವಿಶ್ವವಿದ್ಯಾಲಯವು ೧೯೪೯ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ೧೯೫೦ರಲ್ಲಿ ಧಾರವಾಡಕ್ಕೆ ಬಂದಿತು. ಕೇಂಬ್ರಿಜ್‌ನಲ್ಲಿ ಗಣಿತವನ್ನು ಓದಿ ರ‍್ಯಾಂಗ್ಲರ್ ಪದವಿ ಪಡೆದಿದ್ದ ಡಿ.ಸಿ. ಪಾವಟೆಯವರು ೧೯೫೪ರಿಂದ ೧೯೬೭ರವರೆಗೆ ಕುಲಪತಿಗಳಾಗಿದ್ದ ಅವಧಿಯಲ್ಲಿ ಛೋಟಾ ಮಹಾಬಳೇಶ್ವರವೆಂದು ಕರೆಯಲಾಗುವ ಗುಡ್ಡದ ಮೇಲೆ ಅದರ ವಿಶಾಲ ಆವರಣ ರೂಪುಗೊಂಡಿತು.

ಆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಪ್ರೊ. ಶಿ.ಶಿ. ಬಸವನಾಳರ ಹೆಸರನ್ನು ಇಡಲಾಗಿದೆ. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಏಳು ಮಂದಿ ತರುಣರಲ್ಲಿ ಅವರೂ ಒಬ್ಬರು. ಅಂದು ಒಂದು ಪ್ರೌಢಶಾಲೆಯಿಂದ ಮೊದಲಾದ ಆ ಸಂಸ್ಥೆಯದೇ ಒಂದು ಕಾಲೇಜು ಇಂದು ಗೋಕುಲ ರಸ್ತೆಯಲ್ಲಿದೆ. ಅದರ ಸಂಸ್ಥಾಪಕರೊಬ್ಬರ ಹೆಸರು ಇಪ್ಪತ್ತು ಕಿಲೋಮೀಟರ್ ಆಚೆಗಿನ ಗ್ರಂಥಾಲಯದ ಮೇಲಿದೆ. ಶಾಲೆ ಕಟ್ಟಿದ ಶಿಕ್ಷಕನ ಹೆಸರನ್ನು ಗ್ರಂಥಾಲಯಕ್ಕೆ ಇಟ್ಟುದು ಉಚಿತವೇ ಸರಿ. ಏಕೆಂದರೆ ಪುಸ್ತಕಗಳ ರಾಶಿಯನ್ನು ಗ್ರಂಥಾಲಯವನ್ನಾಗಿ ಮಾಡುವುದು ಶಿಕ್ಷಕನ ದೃಷ್ಟಿಯೇ ಹೊರತು ಸಂಗ್ರಾಹಕನ ದೃಷ್ಟಿಯಲ್ಲ.

ಹೊಸ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಯಾರೆಂಬುದನ್ನು ನೆನೆಯಬೇಕು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಿಂದ ಬಂದವರಲ್ಲಿ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗರು ಅನೇಕರು. ಮನೆಯಲ್ಲಿ ಪುಸ್ತಕದ ಕಪಾಟು ಇಲ್ಲದವನಿಗೆ ಗ್ರಂಥಾಲಯವೆಂಬುದು ಹೆಚ್ಚುವರಿ ಸೌಕರ್ಯವಲ್ಲ, ಇರುವ ಒಂದೇ ದಾರಿ. ಅವನಿಗೆ ಯಾವ ಪುಸ್ತಕ ಬೇಕೆಂಬುದೇ ಮೊದಲು ತಿಳಿದಿರುವುದಿಲ್ಲ. ಚೀಟಿಯಲ್ಲಿ ಹೆಸರು ಬರೆದುಕೊಟ್ಟು ಕಿಟಕಿಯ ಮುಂದೆ ಕಾಯುವ ಪದ್ಧತಿಯಲ್ಲಿ, ಹೆಸರು ತಿಳಿಯದವನಿಗೆ ಪುಸ್ತಕವೂ ಇಲ್ಲ. ಕಪಾಟಿನ ಮುಂದೆ ನಿಂತು, ನಾಲ್ಕು ಪುಸ್ತಕಗಳನ್ನು ತೆಗೆದು ನೋಡಿ, ಐದನೆಯದನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವೇ ಅವನಿಗೆ ನಿಜವಾದ ಪಾಠ.

ರಂಗನಾಥನ್ ಮತ್ತು ತೆರೆದ ಕಪಾಟು

ಈ ಮಾತನ್ನು ಭಾರತದಲ್ಲಿ ಶಾಸ್ತ್ರವನ್ನಾಗಿ ಮಾಡಿದವರು ಡಾ. ಎಸ್.ಆರ್. ರಂಗನಾಥನ್. ೧೮೯೨ರಲ್ಲಿ ತಮಿಳುನಾಡಿನ ಶಿಯಾಳಿಯಲ್ಲಿ ಜನಿಸಿದ ಅವರು ಗಣಿತದ ಅಧ್ಯಾಪಕರಾಗಿದ್ದವರು. ೧೯೨೪ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಜನಸಂಚಾರವಿಲ್ಲದ ಆ ಕೆಲಸ ಅವರಿಗೆ ಬೇಸರ ತಂದಿತೆಂದು ಹೇಳುತ್ತಾರೆ. ಲಂಡನ್ನಿಗೆ ಹೋಗಿ ಅಲ್ಲಿಯ ಗ್ರಂಥಾಲಯಗಳು ಎಲ್ಲ ವರ್ಗದ ಜನರಿಗೂ ಉಪಯೋಗವಾಗುತ್ತಿದ್ದುದನ್ನು ಕಂಡು ಬಂದ ಮೇಲೆ ಅವರು ಆ ವೃತ್ತಿಯನ್ನು ಬಿಡಲಿಲ್ಲ. ಮದರಾಸಿನಲ್ಲಿ ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು, ಗ್ರಂಥಾಲಯ ತೆರೆದಿರುವ ವೇಳೆಯನ್ನು ಹೆಚ್ಚಿಸಿದರು. ೧೯೩೧ರಲ್ಲಿ ಪ್ರಕಟವಾದ ಅವರ ಪಂಚಸೂತ್ರಗಳ ತಿರುಳು ಇಷ್ಟೆ: ಪುಸ್ತಕವಿರುವುದು ಬಳಕೆಗಾಗಿ, ಓದುಗ ಪ್ರತಿಯೊಬ್ಬನಿಗೂ ಅವನ ಪುಸ್ತಕ ಸಿಗಬೇಕು, ಪುಸ್ತಕ ಪ್ರತಿಯೊಂದಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯವು ಬೆಳೆಯುತ್ತಲೇ ಇರುವ ಒಂದು ಜೀವ.

ರಂಗನಾಥನ್ ತಮ್ಮ ಬಾಳಿನ ಕೊನೆಯ ಹದಿನೈದು ವರ್ಷಗಳನ್ನು, ೧೯೫೭ರಿಂದ ೧೯೭೨ರವರೆಗೆ, ಬೆಂಗಳೂರಿನಲ್ಲಿ ಕಳೆದರು. ೧೯೬೨ರಲ್ಲಿ ಅಲ್ಲಿ ದಾಖಲಾತಿ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ಗ್ರಂಥಾಲಯ ಕರದ ಏರ್ಪಾಡನ್ನು ಒಳಗೊಂಡ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾನೂನು ೧೯೬೫ರಲ್ಲಿ ಬಂದುದೂ ಅವರು ಈ ನಾಡಿನಲ್ಲಿ ನೆಲೆಸಿದ್ದಾಗಲೇ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೧೯೫೭ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಗ್ರಂಥಾಲಯ ಸಮಿತಿಯೊಂದನ್ನು ನೇಮಿಸಿತು. ಗ್ರಂಥಾಲಯ ಕಟ್ಟಡಗಳ ವಿನ್ಯಾಸಕ್ಕೆ ಸಂಬಂಧಿಸಿದ ಭಾರತೀಯ ಮಾನಕವೂ ೧೯೬೦ರಲ್ಲಿ ಹೊರಬಂದಿತು. ಓದುವವನಿಗೆ ಎಷ್ಟು ಜಾಗ ಬೇಕು, ಕಪಾಟುಗಳ ನಡುವೆ ಎಷ್ಟು ಅಂತರ ಬೇಕು ಎಂಬುವು ಹೀಗೆ ಅಭಿರುಚಿಯ ಮಾತಾಗಿ ಉಳಿಯದೆ ಅಳತೆಯ ಮಾತಾದವು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕರಾಗಿದ್ದ ಕೆ.ಎಸ್. ದೇಶಪಾಂಡೆಯವರು ಭಾರತದ ವಿಶ್ವವಿದ್ಯಾಲಯ ಗ್ರಂಥಾಲಯಗಳ ವ್ಯವಸ್ಥೆಯನ್ನು ಕುರಿತು ಗ್ರಂಥವನ್ನೇ ಬರೆದರು.

ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ ೧೯೪೯ರಲ್ಲಿಯೇ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಲಾಮಾಂಟ್ ಎಂಬ ಗ್ರಂಥಾಲಯ ತೆರೆಯಿತು. ಪದವಿ ತರಗತಿಯ ವಿದ್ಯಾರ್ಥಿಗಳಿಗಾಗಿಯೇ ಪ್ರತ್ಯೇಕವಾಗಿ ಕಟ್ಟಿದ ಗ್ರಂಥಾಲಯಗಳಲ್ಲಿ ಅದು ಮೊದಲನೆಯದೆಂದು ಗಣಿಸಲ್ಪಟ್ಟಿದೆ. ವಿದ್ವಾಂಸರ ದೊಡ್ಡ ಗ್ರಂಥಾಲಯದಲ್ಲಿ ಕಿರಿಯ ವಿದ್ಯಾರ್ಥಿಗಳು ದಾರಿ ತಪ್ಪುತ್ತಾರೆಂದು ಮನಗಂಡ ಗ್ರಂಥಪಾಲಕ ಕೀಸ್ ಮೆಟ್ಕಾಫ್, ಇಲ್ಲಿ ಕಪಾಟುಗಳನ್ನು ಪೂರ್ತಿಯಾಗಿ ತೆರೆದಿಟ್ಟು ಕಾವಲನ್ನು ಹೊರಬಾಗಿಲಿಗೆ ಸೀಮಿತಗೊಳಿಸಿದರು. ಆದರೆ ಆ ಗ್ರಂಥಾಲಯದಲ್ಲಿಯೂ ಒಂದು ದೊಡ್ಡ ಕೊರತೆಯಿತ್ತು. ೧೯೬೭ರವರೆಗೆ ವಿದ್ಯಾರ್ಥಿನಿಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ವಿದ್ಯಾರ್ಥಿಗಾಗಿ ಎಂಬ ಮಾತಿನಲ್ಲಿ ಯಾವ ವಿದ್ಯಾರ್ಥಿ ಸೇರಿದ್ದಾನೆ, ಯಾರು ಬಿಟ್ಟುಹೋಗಿದ್ದಾರೆ ಎಂದು ಕೇಳಿಕೊಳ್ಳದಿದ್ದರೆ ಒಳ್ಳೆಯ ವಿನ್ಯಾಸವೂ ಅನ್ಯಾಯದ ವಿನ್ಯಾಸವಾಗುತ್ತದೆಂಬುದಕ್ಕೆ ಇದು ನಿದರ್ಶನ.

ಅಸ್ತೇಯವ್ರತ ಮತ್ತು ಕಳೆದುಹೋದ ಪುಸ್ತಕ

ತೆರೆದ ಕಪಾಟಿನ ಮಾತು ಬಂದಾಗಲೆಲ್ಲ ಎದುರು ನಿಲ್ಲುವುದು ಕಳವಿನ ಭಯ. ಭಾರತದ ಅನೇಕ ಕಾಲೇಜುಗಳಲ್ಲಿ ಕಪಾಟುಗಳಿಗೆ ಬೀಗ ಬಿದ್ದುದು ಗ್ರಂಥಪಾಲಕನ ದುರಾಶೆಯಿಂದಲ್ಲ. ವರ್ಷಕ್ಕೊಮ್ಮೆ ನಡೆಯುವ ದಾಸ್ತಾನು ತಪಾಸಣೆಯಲ್ಲಿ ಪುಸ್ತಕವೊಂದು ಕಡಿಮೆ ಬಂದರೆ ಅದರ ಬೆಲೆಯನ್ನು ತಾನೇ ತೆರಬೇಕಾದೀತೆಂಬ ಅಂಜಿಕೆಯೇ ಅದಕ್ಕೆ ಕಾರಣ. ಪುಸ್ತಕ ಬಳಕೆಯಾದರೆ ಅವನಿಗೆ ಯಾವ ಲಾಭವೂ ಇಲ್ಲ, ಕಳೆದರೆ ಮಾತ್ರ ನಷ್ಟ ಎಂಬ ಸ್ಥಿತಿಯಲ್ಲಿ ಯಾರಾದರೂ ಬೀಗವನ್ನೇ ನಂಬುತ್ತಾರೆ. ದೋಷವಿರುವುದು ವ್ಯಕ್ತಿಯಲ್ಲಲ್ಲ, ನಿಯಮದಲ್ಲಿ.

ಇದನ್ನರಿತು ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು ಒಂದು ವಿವೇಕದ ಸೂತ್ರವನ್ನು ಒಳಗೊಂಡಿವೆ. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಪರಾಮರ್ಶಿಸಿದ ಪ್ರತಿ ೧೦೦೦ ಸಂಪುಟಗಳಿಗೆ ೫ ಸಂಪುಟಗಳ ನಷ್ಟವನ್ನು, ಅಪ್ರಾಮಾಣಿಕತೆ ಅಥವಾ ಅಲಕ್ಷ್ಯ ಕಾರಣವಲ್ಲದಿದ್ದರೆ, ಸಹಜವೆಂದು ಪರಿಗಣಿಸಬಹುದೆಂದು ೨೦೧೭ರ ನಿಯಮಗಳು ಹೇಳುತ್ತವೆ. ಬೆಲೆಬಾಳುವ ಮತ್ತು ಅಪೂರ್ವ ಗ್ರಂಥಗಳ ನಷ್ಟಕ್ಕೆ ಮಾತ್ರ ವಿಚಾರಣೆ ಕಡ್ಡಾಯ. ಇಲ್ಲಿ ಲೆಕ್ಕ ಹಿಡಿದಿರುವುದು ದಾಸ್ತಾನಿನಲ್ಲಿರುವ ಪುಸ್ತಕಗಳ ಮೇಲಲ್ಲ, ಬಳಕೆಯಾದ ಪುಸ್ತಕಗಳ ಮೇಲೆ ಎಂಬುದನ್ನು ಗಮನಿಸಬೇಕು. ಹೆಚ್ಚು ಓದಿಸಿದ ಗ್ರಂಥಾಲಯಕ್ಕೆ ಹೆಚ್ಚು ವಿನಾಯಿತಿ. ಬೀಗ ಹಾಕಿಟ್ಟ ಗ್ರಂಥಾಲಯಕ್ಕೆ ವಿನಾಯಿತಿ ಇಲ್ಲ.

ಹಾಗಾದರೆ ಐದು ಪುಸ್ತಕಗಳ ಕಳವು ಕ್ಷಮ್ಯವೇ ಎಂಬ ನೈತಿಕ ಪ್ರಶ್ನೆ ಏಳಬಹುದು. ಕದ್ದವನ ಪಾಲಿಗೆ ಅದು ಎಂದಿಗೂ ಕ್ಷಮ್ಯವಲ್ಲ. ಪರೀಕ್ಷೆಯ ಹಿಂದಿನ ದಿನ ಗ್ರಂಥಾಲಯದ ಪುಸ್ತಕದಿಂದ ನಾಲ್ಕು ಪುಟಗಳನ್ನು ಹರಿದೊಯ್ದವನು, ಬೇಕಾದ ಪುಸ್ತಕವನ್ನು ಬೇರೆ ಕಪಾಟಿನಲ್ಲಿ ಬಚ್ಚಿಟ್ಟವನು, ಎರವಲು ತಂದು ವರ್ಷಗಟ್ಟಲೆ ಮರಳಿಸದವನು, ಇವರೆಲ್ಲರೂ ಅಸ್ತೇಯವ್ರತವನ್ನು ಮುರಿದವರೇ. ಅವರು ಕದ್ದದ್ದು ಕಾಗದವನ್ನಲ್ಲ, ತಮ್ಮಂತೆಯೇ ಪರೀಕ್ಷೆಗೆ ಕೂರುವ ಸಹಪಾಠಿಯ ಅವಕಾಶವನ್ನು. ಆದರೆ ಒಬ್ಬನ ವ್ರತಭಂಗಕ್ಕಾಗಿ ಇನ್ನೂರು ಮಂದಿಗೆ ಕಪಾಟನ್ನು ಮುಚ್ಚುವುದು ಸಂಸ್ಥೆಯ ಪಾಲಿಗೆ ಮತ್ತೊಂದು ಬಗೆಯ ಅಪಹರಣವಾಗುತ್ತದೆ. ಬಳಕೆಗೆ ಕೊಡದೆ ಕೂಡಿಟ್ಟ ಪುಸ್ತಕಕ್ಕೂ ಬಳಸದೆ ಕೂಡಿಟ್ಟ ಧನಕ್ಕೂ ಅಪರಿಗ್ರಹದ ದೃಷ್ಟಿಯಲ್ಲಿ ಹೆಚ್ಚಿನ ಭೇದವಿಲ್ಲ. ವ್ಯಕ್ತಿಗೆ ಅಸ್ತೇಯ, ಸಂಸ್ಥೆಗೆ ಅಪರಿಗ್ರಹ: ಈ ಎರಡು ವ್ರತಗಳ ಮೇಲೆಯೇ ಗ್ರಂಥಾಲಯ ನಿಂತಿದೆ.

ವಿದ್ಯಾರ್ಥಿಯನ್ನು ಕೇಳಿ ಕಟ್ಟುವುದು

ಕಟ್ಟಡ ಕಟ್ಟುವ ಮೊದಲು ಓದುವವರನ್ನೇ ಕೇಳುವ ಪದ್ಧತಿ ಈಚಿನದು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಗ್ರಂಥಾಲಯವು ಮಾನವಶಾಸ್ತ್ರಜ್ಞೆ ನ್ಯಾನ್ಸಿ ಫ್ರೀಡ್ ಫಾಸ್ಟರ್ ಅವರ ನೆರವಿನಿಂದ ತನ್ನ ವಿದ್ಯಾರ್ಥಿಗಳ ದಿನಚರಿಯನ್ನು ಅಭ್ಯಾಸ ಮಾಡಿ ೨೦೦೭ರಲ್ಲಿ ವರದಿಯನ್ನು ಪ್ರಕಟಿಸಿತು. ವಿದ್ಯಾರ್ಥಿಗಳ ಕೈಗೆ ಕ್ಯಾಮೆರಾ ಕೊಟ್ಟು ಅವರ ದಿನವನ್ನು ಚಿತ್ರಿಸಲು ಹೇಳಿದರು. ಕಾಗದ ಕೊಟ್ಟು ತಮಗೆ ಬೇಕಾದ ಗ್ರಂಥಾಲಯದ ನಕ್ಷೆ ಬರೆಯಲು ಹೇಳಿದರು. ಅಧ್ಯಾಪಕರೂ ಗ್ರಂಥಪಾಲಕರೂ ಮನೆಗೆ ಹೋದ ಮೇಲೆ, ತಡರಾತ್ರಿಯಲ್ಲಿ, ವಿದ್ಯಾರ್ಥಿಗಳ ನಿಜವಾದ ಕೆಲಸ ನಡೆಯುತ್ತದೆಂಬುದು ಅದರಿಂದ ಕಂಡುಬಂದ ಸಂಗತಿಗಳಲ್ಲೊಂದು.

ಗೋಕುಲ ರಸ್ತೆಯ ವಿದ್ಯಾರ್ಥಿಯ ಕೈಗೆ ಹಾಗೆಯೇ ಕಾಗದ ಕೊಟ್ಟರೆ ಅವನು ಬರೆಯಬಹುದಾದ ನಕ್ಷೆಯನ್ನು ಊಹಿಸುವುದು ಕಷ್ಟವಲ್ಲ. ಕೊನೆಯ ಬಸ್ಸಿನ ವೇಳೆಗೆ ಹೊಂದಿಕೊಂಡ ಮುಚ್ಚುವ ಸಮಯ, ತರಗತಿಯಿಲ್ಲದ ಭಾನುವಾರವೂ ತೆರೆದ ಬಾಗಿಲು, ಕುಡಿಯುವ ನೀರು, ಮಧ್ಯಾಹ್ನದ ಬುತ್ತಿ ಉಣ್ಣಲು ಒಂದು ಮೂಲೆ, ಮೊಬೈಲ್ ಅಥವಾ ಲ್ಯಾಪ್‌ಟಾಪ್‌ಗೆ ವಿದ್ಯುತ್ ಸಂಪರ್ಕ, ಮಾತನಾಡಿ ಚರ್ಚಿಸಲು ಒಂದು ಕೋಣೆ, ಮಾತಿಲ್ಲದೆ ಓದಲು ಇನ್ನೊಂದು. ವಿದ್ಯಾರ್ಥಿನಿಯು ಇದಕ್ಕೆ ಶುಚಿಯಾದ ಶೌಚಾಲಯವನ್ನೂ, ಸಂಜೆಯ ನಂತರ ಗ್ರಂಥಾಲಯದಿಂದ ಬಸ್ ನಿಲ್ದಾಣದವರೆಗೆ ಬೆಳಕಿರುವ ದಾರಿಯನ್ನೂ ಸೇರಿಸುತ್ತಾಳೆ. ಗಾಲಿಕುರ್ಚಿಯವನು ಇಳಿಜಾರು ದಾರಿಯನ್ನು, ಕಣ್ಣು ಕಾಣದವನು ಪುಟವನ್ನು ಓದಿ ಹೇಳುವ ಗಣಕಯಂತ್ರವನ್ನು ಕೇಳುತ್ತಾನೆ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ತರುವಾಯ ಇದು ಉಪಕಾರವಲ್ಲ, ಹಕ್ಕು. ಈ ಪಟ್ಟಿಯಲ್ಲಿ ಅಮೃತಶಿಲೆಯಾಗಲಿ ಗಾಜಿನ ಮುಂಭಾಗವಾಗಲಿ ಇಲ್ಲವೆಂಬುದನ್ನು ಕಟ್ಟಡ ಸಮಿತಿಗಳು ಗಮನಿಸಬೇಕು. ಇಂಥ ಸ್ಥಳ ದೊರೆಯದಿದ್ದಾಗ, ಸ್ಪರ್ಧಾ ಪರೀಕ್ಷೆಗೆ ಸಿದ್ಧರಾಗುವ ಯುವಕರು ತಿಂಗಳಿಗಿಷ್ಟೆಂದು ಬಾಡಿಗೆ ಕೊಟ್ಟು ಖಾಸಗಿ ವಾಚನ ಕೋಣೆಗಳಲ್ಲಿ ಒಂದು ಕುರ್ಚಿಯನ್ನು ಪಡೆಯುತ್ತಾರೆ. ಬಡವನು ಮೌನಕ್ಕೂ ಹಣ ಕೊಡಬೇಕಾದ ಸ್ಥಿತಿ ಅದು.

ಭಾಷೆಯದೂ ಒಂದು ಪ್ರಶ್ನೆ. ಕನ್ನಡ ಮಾಧ್ಯಮದಲ್ಲಿ ಓದಿ ತಾಂತ್ರಿಕ ಶಿಕ್ಷಣಕ್ಕೆ ಬಂದವನು ಮೊದಲ ವರ್ಷ ಇಂಗ್ಲಿಷ್ ಪಠ್ಯಗಳೆದುರು ತಬ್ಬಿಬ್ಬಾಗುತ್ತಾನೆ. ಅವನಿಗೆ ನಿಘಂಟುಗಳೂ ಕನ್ನಡದ ವಿಜ್ಞಾನ ಪುಸ್ತಕಗಳೂ ಕೈಗೆಟಕುವಲ್ಲಿರಬೇಕು. ಕನ್ನಡ ಪುಸ್ತಕಗಳ ಹೆಸರನ್ನು ರೋಮನ್ ಲಿಪಿಯಲ್ಲಿ ದಾಖಲಿಸಿದರೆ, ಒಂದೇ ಹೆಸರು ನಾಲ್ಕು ಬಗೆಯಲ್ಲಿ ಬರೆಯಲ್ಪಟ್ಟು ಹುಡುಕಿದರೂ ಸಿಗದಂತಾಗುತ್ತದೆ. ಈಗ ಕನ್ನಡ ಲಿಪಿಯಲ್ಲೇ ಸೂಚಿಯನ್ನು ಮಾಡುವ ಸೌಲಭ್ಯ ಬಂದಿದೆ. ನ್ಯೂಜಿಲೆಂಡ್‌ನ ಒಂದು ಗ್ರಂಥಾಲಯ ನ್ಯಾಸವು ತನಗಾಗಿ ಮಾಡಿಸಿ, ೨೦೦೦ರಲ್ಲಿ ಲೋಕಕ್ಕೆಲ್ಲ ಉಚಿತವಾಗಿ ಬಿಟ್ಟುಕೊಟ್ಟ ಗ್ರಂಥಾಲಯ ತಂತ್ರಾಂಶವೊಂದು ಇಂದು ಭಾರತದ ಅನೇಕ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿದೆ. ಅದರ ಹೆಸರು ಕೊಹಾ. ಅಲ್ಲಿಯ ಮಾವೊರಿ ಜನರ ನುಡಿಯಲ್ಲಿ ಆ ಪದಕ್ಕೆ ಕೊಡುಗೆ, ದಾನ ಎಂದೇ ಅರ್ಥ. ಒಂದು ನ್ಯಾಸ ಕೊಟ್ಟ ಪ್ರತಿಯಿಂದ ಎಣಿಕೆಗೆ ಮೀರಿದ ಪ್ರತಿಗಳು ಹುಟ್ಟಿದ ಈ ಸಂಗತಿ ಅತ್ತಿಮಬ್ಬೆಯ ದಾರಿಯದೇ ಮುಂದುವರಿಕೆಯೆನ್ನಬೇಕು.

ಸಂಶೋಧನ ಪತ್ರಿಕೆಗಳ ಬೆಲೆಯಂತೂ ಒಂದೊಂದು ಕಾಲೇಜಿನ ಶಕ್ತಿಗೆ ಮೀರಿದ್ದು. ಇದಕ್ಕಾಗಿ ಕೇಂದ್ರ ಸರ್ಕಾರವು ಒಂದು ರಾಷ್ಟ್ರ ಒಂದು ಚಂದಾ ಎಂಬ ಯೋಜನೆಗೆ ೨೦೨೪ರ ನವೆಂಬರಿನಲ್ಲಿ ಒಪ್ಪಿಗೆ ನೀಡಿ, ಮೂರು ವರ್ಷಗಳಿಗೆ ಸುಮಾರು ೬,೦೦೦ ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಿತು. ೩೦ ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳು ೨೦೨೫ರ ಜನವರಿಯಿಂದ ೬,೩೦೦ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ದೊರೆಯತೊಡಗಿದವು. ಇದು ದೊಡ್ಡ ಹೆಜ್ಜೆ. ಆದರೆ ಯೋಜನೆ ಆರಂಭವಾದಾಗ ಅದರ ವ್ಯಾಪ್ತಿಗೆ ಬಂದವು ಸರ್ಕಾರಿ ಸಂಸ್ಥೆಗಳು ಮಾತ್ರ. ಛೋಟಾ ಮಹಾಬಳೇಶ್ವರದ ವಿದ್ಯಾರ್ಥಿಗೆ ತೆರೆದ ಬಾಗಿಲು ಗೋಕುಲ ರಸ್ತೆಯ ಖಾಸಗಿ ಕಾಲೇಜಿನ ವಿದ್ಯಾರ್ಥಿಗೆ ತೆರೆಯಲಿಲ್ಲ. ಇಬ್ಬರ ಊರೂ ಒಂದೇ, ಹಸಿವೂ ಒಂದೇ.

ಸಮಾಜದ ಹೊಣೆ

ಬಸದಿಗಳ ಆಡಳಿತ ಮಂಡಳಿಗಳಿಗೂ ಶ್ರಾವಕ ಕುಟುಂಬಗಳಿಗೂ ಈ ಇತಿಹಾಸವು ಕೆಲವು ಮಾತುಗಳನ್ನು ಹೇಳುತ್ತದೆ. ಮೊದಲನೆಯದಾಗಿ, ಗ್ರಂಥದಾನ ಮಾಡುವವರು ತಮಗೆ ಬೇಡವಾದ ಹಳೆಯ ಪುಸ್ತಕಗಳನ್ನು ಒಪ್ಪಿಸಿ ಕೈತೊಳೆದುಕೊಳ್ಳಬಾರದು. ವಿದ್ಯಾರ್ಥಿಗೆ ಬೇಕಾದುದೇನೆಂದು ಗ್ರಂಥಪಾಲಕರನ್ನು ಕೇಳಿ, ಬೇಕಾದ ಪಠ್ಯದ ಹತ್ತು ಪ್ರತಿಗಳನ್ನು ಕೊಡಿಸುವುದು ಶ್ರೇಯಸ್ಕರ. ಎರಡನೆಯದಾಗಿ, ಪೂಜೆ ಪ್ರವಚನಗಳ ವೇಳೆ ಬಿಟ್ಟರೆ ದಿನವಿಡೀ ಬರಿದಾಗಿರುವ ಸಭಾಭವನಗಳು ಅನೇಕ ಊರುಗಳಲ್ಲಿವೆ. ಮೇಜು, ದೀಪ, ನೀರು ಇಷ್ಟಿದ್ದರೆ ಅವು ಜಾತಿಮತ ಭೇದವಿಲ್ಲದೆ ನೆರೆಯ ವಿದ್ಯಾರ್ಥಿಗಳೆಲ್ಲರಿಗೂ ವಾಚನಾಲಯಗಳಾಗಬಲ್ಲವು. ಮೂರನೆಯದಾಗಿ, ನಾಗಾವಿಯ ಶಾಸನವನ್ನು ನೆನೆದು, ಕಟ್ಟಡದ ನಿಧಿಯೊಡನೆ ಅದನ್ನು ನಡೆಸುವವನ ವೇತನಕ್ಕೂ ಒಂದು ನಿಧಿಯನ್ನು ಇಡಬೇಕು. ವೇತನವಿಲ್ಲದ ಭಂಡಾರಿಗನಿಂದ ಭಂಡಾರ ಉಳಿಯದು.

ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯನ್ನು ಆಚರಿಸುವ ಪದ್ಧತಿ ಸಮಾಜದಲ್ಲಿದೆ. ಪುಷ್ಪದಂತ ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಬರೆದು ಪೂರೈಸಿದ ದಿನವದು ಎಂಬುದು ಪರಂಪರೆ. ಕಿವಿಯಿಂದ ಕಿವಿಗೆ ಹರಿದುಬಂದ ಜ್ಞಾನ ನಶಿಸಿಹೋಗುವುದೆಂಬ ಆತಂಕದಿಂದಲೇ ಆಚಾರ್ಯರು ಅದನ್ನು ಲಿಪಿಗೆ ಇಳಿಸಿದರು. ಅವರ ಉದ್ದೇಶ ಮುಂದಿನವರು ಓದಲಿ ಎಂಬುದಾಗಿತ್ತು. ಆ ದಿನ ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಸುತ್ತಿ ಪೂಜಿಸುವುದು ಸಂಪ್ರದಾಯ. ಮರಳಿ ಒಳಗಿಡುವ ಮುನ್ನ, ಕಳೆದ ವರ್ಷದಲ್ಲಿ ಇವುಗಳನ್ನು ಎಷ್ಟು ಜನ ಓದಿದರು ಎಂಬ ಒಂದು ಲೆಕ್ಕವನ್ನೂ ಆಡಳಿತ ಮಂಡಳಿಗಳು ಸಭೆಯ ಮುಂದಿಡುವ ರೂಢಿ ಬಂದರೆ ಪೂಜೆಗೆ ಕುಂದುಂಟಾಗದು. ವಿಶ್ವವಿದ್ಯಾಲಯದ ಗ್ರಂಥಾಲಯಗಳಿಗೂ ಅದೇ ಲೆಕ್ಕ ಸಲ್ಲುತ್ತದೆ. ಎಷ್ಟು ಪುಸ್ತಕಗಳಿವೆ ಎಂಬುದು ದಾಸ್ತಾನು ವಹಿಯ ಪ್ರಶ್ನೆ. ಎಷ್ಟು ಜನರಿಗೆ ಅವು ಸಿಕ್ಕಿವೆ ಎಂಬುದು ಧರ್ಮದ ಪ್ರಶ್ನೆ.